ಮೂಲಪುರುಷನ ಹುಡುಕಾಟ: ಕಂದಿಕೆರೆ ಸೀಮೆಯ ವಂಶಾವಳಿಗಳು ಎಷ್ಟು ಹಿಂದಕ್ಕೆ ಹೋಗುತ್ತವೆ?

ಪೌತಿ ಖಾತೆಗೆ ಅರ್ಜಿ ಹಾಕುವವರು ಜೊತೆಗೊಂದು ವಂಶವೃಕ್ಷವನ್ನೂ ಕೊಡಬೇಕು. ತೀರಿಕೊಂಡ ಖಾತೆದಾರ, ಅವನ ಹೆಂಡತಿ, ಮಕ್ಕಳು, ಮಕ್ಕಳಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರ ಮಕ್ಕಳು. ಕಂದಿಕೆರೆ ಹೋಬಳಿಯಲ್ಲಾಗಲಿ, ಪಕ್ಕದ ಶೆಟ್ಟಿಕೆರೆ, ಹಂದನಕೆರೆ, ಹುಳಿಯಾರು ಹೋಬಳಿಗಳಲ್ಲಾಗಲಿ ಗ್ರಾಮ ಆಡಳಿತ ಅಧಿಕಾರಿಗೆ ಇಷ್ಟಾದರೆ ಸಾಕು. ಮನೆಯವರಿಗೆ ಸಾಕಾಗುವುದಿಲ್ಲ. ತೋಟ ಭಾಗವಾಗುವ ಹೊತ್ತಿಗೆ, ಮನೆದೇವರ ಜಾತ್ರೆಯಲ್ಲಿ ದೂರದ ದಾಯಾದಿಗಳು ಕೂಡಿದ ಹೊತ್ತಿಗೆ, ಅಮೆರಿಕದಲ್ಲಿ ಬೆಳೆಯುತ್ತಿರುವ ಮೊಮ್ಮಗಳು ಶಾಲೆಯ ಕೆಲಸಕ್ಕೆಂದು ಫೋನ್ ಮಾಡಿ ಕೇಳಿದ ಹೊತ್ತಿಗೆ ಪ್ರಶ್ನೆ ಮುಂದಕ್ಕೆ ಹೋಗುತ್ತದೆ: ತಾತನ ತಾತ ಯಾರು? ಈ ಊರಿಗೆ ನಾವು ಬಂದದ್ದು ಎಲ್ಲಿಂದ, ಯಾವಾಗ?

ಇದಕ್ಕೆ ಉತ್ತರ ಕೊಡಲು ಹೊರಟವರು ಇನ್ನೂರು ವರ್ಷಗಳಿಂದ ಇದ್ದಾರೆ. ಅವರಲ್ಲಿ ಒಮ್ಮತವಿಲ್ಲ. ಶಾಸನವೇ ಪ್ರಮಾಣ ಎನ್ನುವವರು, ಕಂದಾಯದ ದಫ್ತರವೇ ಪ್ರಮಾಣ ಎನ್ನುವವರು, ಮನೆಮನೆಗೆ ಬಂದು ವಂಶ ಹೇಳುವ ಹೆಳವನ ಬಾಯಿಯೇ ಪ್ರಮಾಣ ಎನ್ನುವವರು, ಈಚೆಗೆ ಎಂಜಲಿನ ಡಿಎನ್‌ಎ ಪರೀಕ್ಷೆ ಸಾಕು ಎನ್ನುವವರು, ಹೀಗೆ ಬೇರೆ ಬೇರೆ ಪಕ್ಷಗಳಿವೆ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯನ್ನು ಮುಂದಿಟ್ಟುಕೊಂಡು ಒಂದೊಂದು ಪಕ್ಷ ಯಾವುದನ್ನು ತೋರಿಸಿಕೊಡುತ್ತದೆ, ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನೋಡುವುದು ಈ ಲೇಖನದ ಕೆಲಸ.

ಪ್ರಶ್ನೆ ಕೇಳಿದವರು

ಹಳೆಯ ಕಾಲದಲ್ಲಿ ವಂಶಾವಳಿ ಬರೆಸುತ್ತಿದ್ದವರು ಅರಸರು ಮತ್ತು ಪಾಳೆಯಗಾರರು. ಮೈಸೂರು ಒಡೆಯರು ತಮ್ಮ ಮೂಲವನ್ನು ದ್ವಾರಕೆಯ ಯಾದವರಲ್ಲಿ ಹೇಳಿಕೊಂಡರು. ಯದುರಾಯ ಬಂದದ್ದು 1399ರಲ್ಲಿ ಎಂದು ಪರಂಪರೆ. ನಮ್ಮ ಸೀಮೆಯನ್ನು ಆಳಿದ ಹಾಗಲವಾಡಿ ಪಾಳೆಯಗಾರರೂ ಎರಿಮಾದ ನಾಯಕನನ್ನು ಮೂಲಪುರುಷನೆಂದು ಹೇಳಿಕೊಳ್ಳುತ್ತಿದ್ದರು. ಆ ಮನೆತನದ ಚಿಕ್ಕನಾಯಕನ ಹೆಸರೇ ಚಿಕ್ಕನಾಯಕನಹಳ್ಳಿಗೆ ಬಂತು. ಹೈದರನ ಕಾಲಕ್ಕೆ ಆ ಪಾಳೆಯಪಟ್ಟು ಮುಗಿಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರಕ್ಕೆ ಹೊಸ ಸೀಮೆಯ ಲೆಕ್ಕ ಬೇಕಾಯಿತು. ಕಾಲಿನ್ ಮೆಕೆಂಜಿ ಅಳತೆಯ ಕೆಲಸದ ಜೊತೆಗೇ ಊರೂರಿನ ಕೈಫಿಯತ್ತುಗಳನ್ನು ಬರೆಸಿ ಕೂಡಿಹಾಕಿದ. ಕೈಫಿಯತ್ತು ಎಂದರೆ ಊರಿನ ಗೌಡ, ಶಾನುಭೋಗ, ಪುರೋಹಿತರು ಹೇಳಿದ ಊರಿನ ಮತ್ತು ಮನೆತನಗಳ ವೃತ್ತಾಂತ. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ತಂದರು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲೇ ಹೋದ. ಚಿಕ್ಕನಾಯಕನಹಳ್ಳಿ, ಹೊನ್ನವಳ್ಳಿ, ತುರುವೇಕೆರೆಗಳ ತೋಟಗಳನ್ನು ಕಂಡು ತೆಂಗು ಅಡಕೆಗಳ ಬೇಸಾಯವನ್ನು ವಿವರವಾಗಿ ಬರೆದ. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ತೋಟವಿದೆ, ನೀರಿದೆ, ಕಂದಾಯವಿದೆ, ಜಾತಿಗಳ ವಿವರವಿದೆ. ತೋಟ ಮಾಡಿದ ರೈತನ ಹೆಸರು ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಸಾಮಾನ್ಯ ಒಕ್ಕಲಿನ ವಂಶಾವಳಿ ಯಾರಿಗೂ ಬೇಕಾಗಿರಲಿಲ್ಲ. ಅದು ಬೇಕಾದದ್ದು ಕಂದಾಯ ವಸೂಲಿ ಮಾಡುವವರಿಗೆ, ಅದೂ ಅರವತ್ತು ವರ್ಷ ಕಳೆದ ಮೇಲೆ.

ಕಲ್ಲನ್ನೂ ತಾಮ್ರವನ್ನೂ ನಂಬುವವರು

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡನೆಯ ಸಂಪುಟ 1904ರಲ್ಲಿ ಬಂತು; ತುಮಕೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ರೈಸ್ ಅವರಿಂದ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಅವರವರೆಗೆ ಬೆಳೆದ ಪರಂಪರೆಯ ವಾದ ಸರಳವಾದದ್ದು: ಕಾಲ ನಮೂದಾದ, ಆ ಕಾಲದಲ್ಲೇ ಕೆತ್ತಿದ ಬರಹ ಮೊದಲು, ಹೇಳಿಕೆ, ಕೈಫಿಯತ್ತುಗಳೆಲ್ಲ ಆಮೇಲೆ. ಇತಿಹಾಸವನ್ನು ಪುರಾಣದಿಂದ ಬಿಡಿಸಿಕೊಳ್ಳಲು ಈ ಶಿಸ್ತು ಬೇಕೇ ಇತ್ತು.

ಆದರೆ ಮನೆತನದ ಬೇರು ಹುಡುಕುವವರಿಗೆ ಶಾಸನ ಕೊಡುವುದು ಕಡಿಮೆ. ಅಗ್ರಹಾರಗಳ ದಾನಪತ್ರಗಳಲ್ಲಿ ವೃತ್ತಿವಂತರ ಹೆಸರು, ಗೋತ್ರ, ಸೂತ್ರ, ತಂದೆಯ ಹೆಸರು ಸಿಗುತ್ತವೆ. ತುರುವೇಕೆರೆ ಹೊಯ್ಸಳರ ಕಾಲದ ಅಗ್ರಹಾರ. ಅಂಥ ಊರುಗಳ ಮೂಲದ ಬ್ರಾಹ್ಮಣ ಮನೆತನಗಳಿಗೆ ಎಲ್ಲೋ ಒಂದು ಎಳೆ ಸಿಗಬಹುದು. ಅದಕ್ಕೂ ಇವತ್ತಿನ ಮನೆಗೂ ನಡುವೆ ಆರೇಳು ನೂರು ವರ್ಷ ಖಾಲಿ. ವೀರಗಲ್ಲುಗಳ ಮಾತೂ ಹಾಗೆಯೇ. ತುರುಗೋಳಿನಲ್ಲಿ ಸತ್ತ ಗಾವುಂಡನ ಮಗನ ಹೆಸರು ಕಲ್ಲಿನಲ್ಲಿದ್ದರೆ ಅದು ಅಮೂಲ್ಯ. ಆದರೆ ನಮ್ಮ ಹಳ್ಳಿಗಳ ವೀರಗಲ್ಲುಗಳಲ್ಲಿ ಬಹುಪಾಲಿನ ಮೇಲೆ ಒಂದಕ್ಷರವೂ ಇಲ್ಲ. ಎಣ್ಣೆ ಹಚ್ಚಿ ಪೂಜೆ ಮಾಡುವ ಮನೆಯವರು ಅದನ್ನು ತಮ್ಮ ಹಿರೀಕನ ಕಲ್ಲು ಎನ್ನುತ್ತಾರೆ. ಪೂಜೆಯ ಹಕ್ಕು ತಲೆಮಾರಿನಿಂದ ಬಂದಿದೆ ಎನ್ನಲು ಅದು ಸಾಕ್ಷಿ. ಕಲ್ಲಿನ ವೀರನೇ ಅವರ ಮೂಲಪುರುಷ ಎನ್ನಲು ಸಾಕ್ಷಿಯಲ್ಲ.

ನೊಣಬರ ಪ್ರಶ್ನೆ

ಶಾಸನ ಮತ್ತು ಸಮುದಾಯದ ನೆನಪು ಎದುರುಬದುರಾಗುವ ಒಂದು ಪ್ರಶ್ನೆ ಈ ಸೀಮೆಯದ್ದೇ. ತಿಪಟೂರು, ಚಿಕ್ಕನಾಯಕನಹಳ್ಳಿ, ಗುಬ್ಬಿ ಕಡೆ ನೊಣಬ ಲಿಂಗಾಯತರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹೇಮಾವತಿಯಿಂದ, ಅಂದರೆ ಹಳೆಯ ಹೆಂಜೇರಿನಿಂದ ಆಳಿದ ನೊಳಂಬ ಅರಸರ ಹೆಸರೂ ‘ನೊಳಂಬವಾಡಿ ಮೂವತ್ತೆರಡು ಸಾವಿರ’ ಎಂಬ ನಾಡಿನ ಹೆಸರೂ ಈ ಹೆಸರಿನಲ್ಲಿ ಉಳಿದಿವೆ ಎಂದು ರೈಸ್ ಗುರುತಿಸಿದರು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಆ ಕಾಲದ ನೊಳಂಬ–ಗಂಗ ಶಿಲ್ಪಕ್ಕೆ ಹೆಸರಾದದ್ದು.

ಇಲ್ಲಿಂದ ಎರಡು ದಾರಿ ಒಡೆಯುತ್ತದೆ. ನಾವು ಆ ಅರಸರ ಸಂತತಿ ಎಂಬುದು ಒಂದು ನಂಬಿಕೆ. ನೊಳಂಬವಾಡಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ಒಕ್ಕಲುಗಳಿಗೆ ನಾಡಿನ ಹೆಸರೇ ಅಂಟಿತು ಎಂಬುದು ಇನ್ನೊಂದು ವಿವರಣೆ. ಹತ್ತನೆಯ ಶತಮಾನದ ಗಂಗ ಮಾರಸಿಂಹ ‘ನೊಳಂಬ ಕುಲಾಂತಕ’ ಎಂಬ ಬಿರುದು ಧರಿಸಿದ್ದ. ಆಮೇಲೂ ನೊಳಂಬ ಹೆಸರಿನ ಸಾಮಂತರು ಶಾಸನಗಳಲ್ಲಿ ಕಾಣುತ್ತಾರೆ. ಈ ಸಮುದಾಯ ಹನ್ನೆರಡನೆಯ ಶತಮಾನದ ಸಿದ್ಧರಾಮನಿಗೆ ನಡೆದುಕೊಳ್ಳುತ್ತದೆ; ಗೋಡೆಕೆರೆ ಅವರಿಗೆ ಪುಣ್ಯಕ್ಷೇತ್ರ. ನಾಡಿನ ಹೆಸರು ಜನಕ್ಕೆ ಬಂತು ಎನ್ನುವ ವಿವರಣೆಯೇ ನನಗೆ ಸರಿ ಕಾಣುತ್ತದೆ. ಒಂದು ರಾಜಮನೆತನದಿಂದ ಇಷ್ಟು ಊರುಗಳ ಇಷ್ಟು ಒಕ್ಕಲುಗಳು ಹುಟ್ಟಿದವು ಎನ್ನುವುದಕ್ಕಿಂತ, ಸಾವಿರ ವರ್ಷದಿಂದ ಇದೇ ಮಣ್ಣಿನಲ್ಲಿ ದುಡಿದವರು ನಾಡಿನ ಹೆಸರನ್ನು ಉಳಿಸಿಕೊಂಡರು ಎನ್ನುವುದು ಕಡಿಮೆ ಗೌರವದ ಮಾತೂ ಅಲ್ಲ.

ದಫ್ತರದ ದಾರಿ

ಸಾಮಾನ್ಯ ರೈತ ಮನೆತನಕ್ಕೆ ನಿಜವಾಗಿ ನಡೆಯಬಲ್ಲ ದಾರಿ ಇದೊಂದೇ. 1863ರಲ್ಲಿ ಮೈಸೂರು ಸೀಮೆಯ ರೆವಿನ್ಯೂ ಸರ್ವೆ ಆರಂಭವಾಯಿತು. ಹೊಲಕ್ಕೊಂದು ನಂಬರು, ನಂಬರಿಗೊಬ್ಬ ಖಾತೆದಾರ, ಖಾತೆದಾರನಿಗೊಬ್ಬ ಅಪ್ಪ, ಇಷ್ಟು ಕಾಗದಕ್ಕೆ ಬಂತು. ಅದಕ್ಕೆ ಮುಂಚೆ ಶಾನುಭೋಗರ ಕೈಯಲ್ಲಿದ್ದದ್ದು ಕಡತ. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕ ಅದು. ಭೂಮಿಯ ಅಳತೆ ಅದರಲ್ಲಿ ಎಕರೆ ಗುಂಟೆಗಳಲ್ಲಿಲ್ಲ, ಖಂಡುಗ ಕೊಳಗಗಳ ಬಿತ್ತನೆಯಲ್ಲಿದೆ. ಕಂದಾಯ ವರಹ ಹಣಗಳಲ್ಲಿದೆ. ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು, ಹಾಗೆ ಬರೆದದ್ದೂ ಉಂಟು. ಆದ್ದರಿಂದ ಕಡತದಲ್ಲಿ ಸಿಕ್ಕ ಹೆಸರನ್ನು ಇನ್ನೊಂದು ಕಡೆಯಿಂದ ತಾಳೆ ನೋಡದೆ ಒಪ್ಪುವಂತಿಲ್ಲ.

ಹಿಂದಕ್ಕೆ ನಡೆಯುವ ಕ್ರಮ ಹೀಗೆ. ಇವತ್ತಿನ ಪಹಣಿಯಿಂದ ಹೊರಡಬೇಕು. ಅದರಲ್ಲಿರುವ ಎಂ.ಆರ್. ನಂಬರು ಹಿಡಿದು ಮ್ಯುಟೇಷನ್ ವಹಿಗೆ ಹೋದರೆ ಖಾತೆ ಯಾರಿಂದ ಯಾರಿಗೆ, ಯಾವ ಕಾರಣಕ್ಕೆ ಬದಲಾಯಿತು ಎಂಬುದು ಸಿಗುತ್ತದೆ. ಅಲ್ಲಿಂದ ಹಿಂದಕ್ಕೆ ಹಳೆ ಮೈಸೂರಿನ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್, ಅಂದರೆ ನಮ್ಮವರ ಬಾಯಲ್ಲಿ ಐ.ಎಲ್., ಆರ್.ಆರ್. ಇನ್ನೂ ಹಿಂದಕ್ಕೆ ಸರ್ವೆಯ ಕಾಲದ ಟಿಪ್ಪಣಿ, ಖೇತವಾರು ಪತ್ರಿಕೆ, ಆಕಾರಬಂದು. ಇನಾಂ ಜಮೀನಾಗಿದ್ದರೆ 1860ರ ದಶಕದ ಇನಾಂ ವಿಚಾರಣೆಯ ಕಾಗದಗಳಿವೆ. ಜಮೀನು ಯಾರಿಂದ ಯಾರಿಗೆ ಇಳಿದು ಬಂತು ಎಂದು ಕೇಳುವುದೇ ಆ ವಿಚಾರಣೆಯ ಕೆಲಸವಾಗಿತ್ತು.

ಒಂದು ಆರ್.ಆರ್. ಹಾಳೆಯನ್ನು ಹತ್ತಿರದಿಂದ ನೋಡೋಣ. ಹೆಸರುಗಳು ಉದಾಹರಣೆಗೆ ಇಟ್ಟುಕೊಂಡವು. ಸರ್ವೆ ನಂಬರಿನ ಎದುರು ‘ರಂಗಪ್ಪ ಬಿನ್ ಸಣ್ಣತಿಮ್ಮಯ್ಯ’ ಎಂದಿದೆ. ಹಕ್ಕು ಬಂದ ಬಗೆ ‘ಪಿತ್ರಾರ್ಜಿತ’ ಎಂದಿದ್ದರೆ ಸಣ್ಣತಿಮ್ಮಯ್ಯನಿಗೂ ಇದೇ ನಂಬರಿನಲ್ಲಿ ಖಾತೆ ಇದ್ದಿರಬೇಕು, ಹಿಂದಿನ ವಹಿಯಲ್ಲಿ ಹುಡುಕಬಹುದು. ‘ಕ್ರಯ’ ಎಂದಿದ್ದರೆ ದಾರಿ ತಿರುಗುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರ ನೋಡಬೇಕು, ಅವನ ಪೂರ್ವಿಕರ ಜಮೀನು ಬೇರೆ ಊರಿನಲ್ಲಿರಬಹುದು. ‘ಭಾಗ’ ಎಂದಿದ್ದರೆ ಪಾಲುಪಟ್ಟಿ ಇದೆ. ತೋಟದ ಸೀಮೆಯ ಪಾಲುಪಟ್ಟಿ ಓದುವವರಿಗೆ ಹಬ್ಬ. ಯಾವ ಸಾಲಿನಿಂದ ಯಾವ ಸಾಲಿನವರೆಗೆ ಎಷ್ಟು ತೆಂಗಿನ ಮರ ಯಾರಿಗೆ, ಬಾವಿಯ ನೀರು ಯಾರಿಗೆ ಯಾವ ದಿನ, ಬದುವಿನ ಹುಣಸೆಮರ ಯಾರದ್ದು, ಕೊಬ್ಬರಿ ಅಟ್ಟವಿರುವ ಅಂಕಣ ಯಾರಿಗೆ, ಮುದಿ ತಾಯಿಯ ಅನ್ನಬಟ್ಟೆ ಯಾರ ಪಾಲಿಗೆ ಎಂಬುದೆಲ್ಲ ಬರೆದಿರುತ್ತದೆ. ಇನ್ನು ಆ ನಂಬರಿಗೆ ಪೋಡಿಯಾಗಿ ಒಂದು, ಎರಡು, ಮೂರು ಎಂದು ಹಿಸ್ಸೆಗಳು ಬಿದ್ದಿದ್ದರೆ ಅಣ್ಣತಮ್ಮಂದಿರು ಎಷ್ಟು ಜನ, ಯಾವಾಗ ಬೇರೆಯಾದರು ಎಂಬುದು ನಕಾಶೆಯಲ್ಲೇ ಕಾಣುತ್ತದೆ. ಮನೆಯಲ್ಲಿ ಯಾರಿಗೂ ನೆನಪಿಲ್ಲದ ತಮ್ಮನೊಬ್ಬ ಹಿಸ್ಸಾ ನಂಬರಿನಲ್ಲಿ ಸಿಕ್ಕುವುದುಂಟು.

ಈ ದಾರಿಯ ಅಪಾಯಗಳನ್ನೂ ಹೇಳಬೇಕು. ಮೊದಲನೆಯದು ಹೆಸರು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆಯಾದ್ದರಿಂದ ರಂಗಪ್ಪನ ಮಗ ತಿಮ್ಮಯ್ಯ, ತಿಮ್ಮಯ್ಯನ ಮಗ ರಂಗಪ್ಪ, ಮತ್ತೆ ತಿಮ್ಮಯ್ಯ. ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಇಬ್ಬರು ‘ರಂಗಪ್ಪ ಬಿನ್ ತಿಮ್ಮಯ್ಯ’ ಇರುವುದು ಅಪರೂಪವಲ್ಲ. ಮನೆತನದ ಅಡ್ಡಹೆಸರನ್ನು ಹಳೆ ಮೈಸೂರಿನ ದಾಖಲೆ ಸಾಮಾನ್ಯವಾಗಿ ಬರೆಯುವುದಿಲ್ಲ. ‘ದೊಡ್ಡಮನೆ’, ‘ಮೇಲಿನಮನೆ’ ಎಂಬುದು ಊರವರ ಬಾಯಲ್ಲಿ ಮಾತ್ರ. ಇಬ್ಬರನ್ನು ಒಬ್ಬನೆಂದು ತಿಳಿದರೆ ಅಲ್ಲಿಂದ ಮುಂದಿನದೆಲ್ಲ ಬೇರೆಯವರ ವಂಶಾವಳಿ. ಹೆಸರಿಗಿಂತ ಸರ್ವೆ ನಂಬರನ್ನು, ಚಕ್ಕುಬಂದಿಯನ್ನು ಹಿಡಿದು ಹೋಗುವುದೇ ಭದ್ರ.

ಎರಡನೆಯದು ಕಾಲ. ಮನೆಯ ಹಳೆಯ ಪುಸ್ತಕದಲ್ಲಿ ‘ಧಾತು ಸಂವತ್ಸರದಲ್ಲಿ ತೀರಿಕೊಂಡರು’ ಎಂದಷ್ಟೇ ಇದ್ದರೆ ಅದು 1816 ಇರಬಹುದು, 1876 ಇರಬಹುದು, 1936 ಇರಬಹುದು. ಅರವತ್ತು ವರ್ಷ ತಪ್ಪಿದರೆ ಎರಡು ತಲೆಮಾರು ತಪ್ಪಿದಂತೆ. ಶಾಲೆಯ ದಾಖಲಾತಿ ವಹಿಯ ಜನ್ಮದಿನಾಂಕವೂ ಬಹುಮಟ್ಟಿಗೆ ಮೇಷ್ಟ್ರ ಅಂದಾಜು. ಜೂನ್ 1ಕ್ಕೆ ಹುಟ್ಟಿದವರ ಸಂಖ್ಯೆ ನೋಡಿದರೇ ಗೊತ್ತಾಗುತ್ತದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ.

ಮೂರನೆಯದು ದೊಡ್ಡದು, ಬರ. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸೀಮೆ ತನ್ನ ಜನರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲನ್ನು ಕಳೆದುಕೊಂಡಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆ 1881ಕ್ಕೆ 41,86,188ಕ್ಕೆ ಇಳಿಯಿತು. ತುಮಕೂರು ಜಿಲ್ಲೆ ಹೆಚ್ಚು ಪೆಟ್ಟು ತಿಂದವುಗಳಲ್ಲಿ ಒಂದು. ಆ ಎರಡು ಎಣಿಕೆಗಳ ನಡುವೆ ಎಷ್ಟೋ ಮನೆಗಳು ಹೆಸರಿಲ್ಲದೆ ಮುಗಿದವು, ಎಷ್ಟೋ ಮನೆಗಳು ಊರು ಬಿಟ್ಟವು. ಬರ ಕಳೆದ ಮೇಲೆ ಪಾಳು ಬಿದ್ದ ಜಮೀನಿಗೆ ಹೊಸಬರು ಖಾತೆದಾರರಾದರು. ದಫ್ತರದಲ್ಲಿ ಮನೆತನದ ಎಳೆ 1870ರ ದಶಕದಲ್ಲಿ ಕಡಿದುಹೋಗುವುದಕ್ಕೆ ಇದೇ ಮುಖ್ಯ ಕಾರಣ ಎಂದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ ಪೂರ್ವಿಕರನ್ನು ಹುಡುಕುವವರಿಗೆ ಮೊದಲ ಆಧಾರ ಜನಗಣತಿ. ಅಲ್ಲಿ 1790ರಿಂದ ಗಣತಿ ಇದೆ. 1850ರಿಂದ ಪ್ರತಿಯೊಬ್ಬ ಸ್ವತಂತ್ರ ಮನುಷ್ಯನ ಹೆಸರೂ ಇದೆ. ಆ ಹಾಳೆಗಳನ್ನು ಇವತ್ತೂ ಓದಬಹುದು. ನಮ್ಮಲ್ಲಿ ಎಣಿಕೆ ಮುಗಿದ ಮೇಲೆ ಮನೆಮನೆಯ ಹಾಳೆಗಳನ್ನು ಉಳಿಸಿಕೊಳ್ಳಲಿಲ್ಲ, ಮೊತ್ತ ಮಾತ್ರ ಉಳಿಯಿತು. ಅಲ್ಲಿಯೂ ಒಂದು ಕತ್ತಲೆ ಇದೆ: 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರನ್ನು ಹೆಸರಿಲ್ಲದೆ, ಯಜಮಾನನ ಹೆಸರಿನ ಕೆಳಗೆ ವಯಸ್ಸು, ಲಿಂಗ ಹಾಕಿ ಎಣಿಸಿದರು.

ನಮ್ಮ ದಫ್ತರದ ಕತ್ತಲೆ ಭೂಮಿ ಇಲ್ಲದವರದ್ದು. ಜೀತಕ್ಕಿದ್ದವರು, ಕೂಲಿಯವರು, ಗೇಣಿಗೆ ಮಾಡಿದವರು ಸರ್ವೆಯ ವಹಿಯಲ್ಲಿಲ್ಲ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ತೋಟಿ, ತಳವಾರ, ನೀರಗಂಟಿ ಕೆಲಸ ಮಾಡಿದ ಮನೆಗಳಿಗೆ ಇನಾಂತಿ ಇತ್ತು. 1963ರ ಫೆಬ್ರುವರಿಯಲ್ಲಿ ಗ್ರಾಮಾಧಿಕಾರಗಳು ರದ್ದಾದ ಮೇಲೆ ಆ ಜಮೀನಿನ ಮರುಮಂಜೂರಾತಿಗೆ ಅವರು ತಮ್ಮ ಹಿರಿಯರನ್ನು ಹೆಸರಿಸಿ ಅರ್ಜಿ ಹಾಕಿದರು. 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ‘ನಮ್ಮ ತಂದೆಯ ಕಾಲದಿಂದ ಉಳುತ್ತಿದ್ದೇವೆ’ ಎಂದು ಹೇಳಿಕೆ ಕೊಟ್ಟರು. 1978ರ ಕಾಯ್ದೆಯಂತೆ ಪರಭಾರೆಯಾದ ಮಂಜೂರಾತಿ ಜಮೀನನ್ನು ಬಿಡಿಸಿಕೊಳ್ಳಲು ಹೋದ ಪರಿಶಿಷ್ಟ ಜಾತಿಯ ಮನೆಗಳು ಮೂಲ ಮಂಜೂರಾತಿದಾರನಿಂದ ತಮ್ಮವರೆಗಿನ ವಂಶವನ್ನು ರುಜುವಾತು ಮಾಡಬೇಕಾಯಿತು. ಬಡವರ ವಂಶಾವಳಿಯ ಅತಿ ದೊಡ್ಡ ಭಂಡಾರ ಈ ಮೂರು ಬಗೆಯ ಕಡತಗಳು. ಚರಿತ್ರೆ ಬರೆಯುವವರು ಇವುಗಳ ಕಡೆ ತಿರುಗಿ ನೋಡಿದ್ದು ತೀರ ಕಡಿಮೆ.

ಬಾಯಿಮಾತಿನ ಪಕ್ಷ

ಎತ್ತಿನ ಮೇಲೆ ಕೂತು ಊರಿಗೆ ಬರುವ ಹೆಳವ ಒಕ್ಕಲಿನ ಮನೆ ಮುಂದೆ ನಿಂತು ಮನೆಯವರ ಕುಲ, ಮೂಲ ಊರು, ಹಿರಿಯರ ಹೆಸರುಗಳನ್ನು ಒಂದೇ ಸಮನೆ ಹೇಳುತ್ತಾನೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತಾನೆ. ದವಸ, ಬಟ್ಟೆ, ಹಣ, ಕೆಲವೊಮ್ಮೆ ದನವನ್ನೂ ಪಡೆದು ಹೋಗುತ್ತಾನೆ. ಈ ಪದ್ಧತಿ ಉತ್ತರ ಕರ್ನಾಟಕದಲ್ಲಿ ಇನ್ನೂ ಗಟ್ಟಿಯಾಗಿದೆ. ನಮ್ಮ ಕಡೆ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ, ಎತ್ತಪ್ಪನ ಕಾವ್ಯಗಳ ಜೊತೆಗೆ ಬೆಡಗುಗಳ ಕಥೆಯೂ ಹಾಡಿನಲ್ಲೇ ಉಳಿದಿದೆ. ಬರವಣಿಗೆ ಇಲ್ಲದ ಜನರ ಚರಿತ್ರೆಯನ್ನು ಬರವಣಿಗೆಯ ಅಳತೆಗೋಲಿನಿಂದ ಅಳೆದು ತಳ್ಳಿಹಾಕುವುದು ಅನ್ಯಾಯ ಎನ್ನುವುದು ಜಾನಪದ ವಿದ್ವಾಂಸರ ವಾದ. ಆ ವಾದದಲ್ಲಿ ತಿರುಳಿದೆ.

ಹಾಗಿದ್ದರೆ ಎಷ್ಟು ನಂಬುವುದು? ಆಫ್ರಿಕದ ಮೌಖಿಕ ಪರಂಪರೆಗಳನ್ನು ಅಭ್ಯಾಸ ಮಾಡಿದ ಯಾನ್ ವಾನ್ಸಿನಾ ಒಂದು ವಿಷಯ ತೋರಿಸಿಕೊಟ್ಟರು. ಈಚಿನ ಮೂರು ನಾಲ್ಕು ತಲೆಮಾರು ಜನರ ಬಾಯಲ್ಲಿ ತುಂಬಿಕೊಂಡಿರುತ್ತದೆ, ಮೂಲದ ಕಥೆಯೂ ತುಂಬಿಕೊಂಡಿರುತ್ತದೆ, ನಡುವಿನದು ಖಾಲಿ. ಕಾಲ ಕಳೆದಂತೆ ಆ ಖಾಲಿ ಜಾಗವೂ ಮುಂದಕ್ಕೆ ಸರಿಯುತ್ತದೆ. ನಮ್ಮ ಯಾವ ಮನೆಯಲ್ಲಿ ಕೇಳಿದರೂ ಇದೇ ಅನುಭವ. ಮುತ್ತಾತನವರೆಗೆ ಹೆಸರು, ಕಸುಬು, ಜಗಳ ಎಲ್ಲ ಗೊತ್ತು. ಆಮೇಲೆ ಒಮ್ಮೆಲೇ ‘ಬಡಗಲ ಸೀಮೆಯಿಂದ ಬಂದ ಅಣ್ಣತಮ್ಮಂದಿರು’. ಗುಜರಾತಿನ ವಹೀವಂಚ ಬಾರೋಟರ ಪುಸ್ತಕಗಳನ್ನು ಎ.ಎಂ. ಶಾ ಮತ್ತು ಆರ್.ಜಿ. ಶ್ರಾಫ್ 1958ರಲ್ಲಿ ಪರಿಶೀಲಿಸಿದ್ದರು. ವಂಶಾವಳಿ ಮತ್ತು ಪುರಾಣ ಒಂದೇ ಪುಸ್ತಕದಲ್ಲಿ ಹೇಗೆ ಹೆಣೆದುಕೊಂಡಿರುತ್ತವೆ ಎಂಬುದಕ್ಕೆ ಅದು ಒಳ್ಳೆಯ ಅಧ್ಯಯನ. ನೈಜೀರಿಯದ ತಿವ್ ಜನರ ನಡುವೆ ಕೆಲಸ ಮಾಡಿದ ಲಾರಾ ಬೊಹಾನನ್ 1952ರಲ್ಲಿ ಇನ್ನೊಂದು ಮಾತು ಹೇಳಿದರು: ಜನರ ನಡುವಿನ ಇವತ್ತಿನ ಸಂಬಂಧಕ್ಕೆ ತಕ್ಕಂತೆ ವಂಶಾವಳಿ ಸದ್ದಿಲ್ಲದೆ ಬದಲಾಗುತ್ತದೆ. ಪಕ್ಕದ ತೋಟದವರು ದಾಯಾದಿಗಳಾಗುವುದು, ಜಗಳವಾಡಿ ಬಿಟ್ಟುಹೋದವರು ವಂಶದಿಂದಲೇ ಜಾರಿಹೋಗುವುದು ನಮ್ಮಲ್ಲೂ ನಡೆದಿದೆ.

ವಲಸೆಯ ಕಥೆಗಳ ಗಂಟು ಇನ್ನೂ ಬಿಗಿ. ಒಬ್ಬ ದೊರೆ ಹೆಣ್ಣು ಕೇಳಿದ, ಕೊಡಲು ಮನಸ್ಸಿಲ್ಲದೆ ರಾತ್ರೋರಾತ್ರಿ ಹೊರಟರು, ತುಂಬಿದ ಹೊಳೆ ದಾರಿಬಿಟ್ಟಿತು, ಬೆನ್ನಟ್ಟಿದವರು ಆಚೆ ಉಳಿದರು ಎಂಬ ಕಥೆಯನ್ನು ಮೊರಸು ಒಕ್ಕಲಿಗರು ಹೇಳುತ್ತಾರೆ. ಇಂಥದ್ದೇ ಕಥೆ ದಕ್ಷಿಣದ ಬೇರೆ ಸಮುದಾಯಗಳಲ್ಲೂ ಇದೆ. ಇಷ್ಟು ಮಂದಿಗೆ ಒಂದೇ ಬಗೆಯ ಘಟನೆ ನಡೆದಿರಲಾರದು, ಆದ್ದರಿಂದ ಇದು ಕಟ್ಟುಕಥೆ ಎಂಬುದು ಒಂದು ನಿಲುವು. ವಲಸೆ ನಡೆದದ್ದು ನಿಜ, ಅದನ್ನು ಹೇಳಲು ಎಲ್ಲರೂ ಒಂದೇ ಅಚ್ಚನ್ನು ಬಳಸಿಕೊಂಡರು ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಸಂಗತಿಗಳಿಗೆ ಹೊಂದುತ್ತದೆ; ಆದರೆ ದೊರೆ ಯಾರು, ಹೊಳೆ ಯಾವುದು ಎಂದು ನಕಾಶೆ ತೆರೆದು ಹುಡುಕಲು ಕೂತರೆ ದಾರಿ ತಪ್ಪುತ್ತದೆ.

ಈ ತಪ್ಪಿಗೆ ದೊಡ್ಡ ಉದಾಹರಣೆ ಅಮೆರಿಕದ್ದು. ಅಲೆಕ್ಸ್ ಹೇಲಿ 1976ರ ‘ರೂಟ್ಸ್’ ಪುಸ್ತಕದಲ್ಲಿ ಗ್ಯಾಂಬಿಯದ ಜುಫುರೆ ಹಳ್ಳಿಯ ಕಥೆಗಾರನೊಬ್ಬ ತನ್ನ ಪೂರ್ವಿಕ ಕುಂಟಾ ಕಿಂಟೆಯ ಕಥೆ ಹೇಳಿದನೆಂದು ಬರೆದರು. ಮರುವರ್ಷವೇ ಪತ್ರಕರ್ತರು ಆ ಹೇಳಿಕೆಯ ಬುಡ ಗಟ್ಟಿಯಿಲ್ಲವೆಂದು ತೋರಿಸಿದರು. ಆಮೇಲೆ ವಂಶಾವಳಿ ತಜ್ಞರಾದ ಗ್ಯಾರಿ ಮಿಲ್ಸ್ ಮತ್ತು ಎಲಿಜಬೆತ್ ಮಿಲ್ಸ್ ಅಮೆರಿಕದ ದಾಖಲೆಗಳಲ್ಲೂ ಕಥೆ ಕೂಡುವುದಿಲ್ಲವೆಂದು ಬರೆದರು. ಕೇಳುವವನಿಗೆ ಯಾವ ಉತ್ತರ ಬೇಕಾಗಿದೆ ಎಂಬುದು ಹೇಳುವವನಿಗೆ ಮೊದಲೇ ತಿಳಿದಿದ್ದರೆ ಹೀಗಾಗುತ್ತದೆ. ಅಷ್ಟಾದರೂ ಆ ಪುಸ್ತಕ ಸಾವಿರಾರು ಕಪ್ಪು ಕುಟುಂಬಗಳನ್ನು ದಫ್ತರಗಳ ಬಾಗಿಲಿಗೆ ಕರೆತಂದಿತು ಎನ್ನುವುದೂ ನಿಜವೇ.

ಶಾನುಭೋಗರ ಬರಹಕ್ಕೆ ಮರಳಿದವರು

ಶಾಸನವನ್ನು ನಂಬುವವರಿಗೂ ಬಾಯಿಮಾತನ್ನು ನಂಬುವವರಿಗೂ ನಡುವೆ ನಿಲ್ಲುವ ಒಂದು ಪಕ್ಷ ಈಚಿನದು. ವೆಲ್ಚೇರು ನಾರಾಯಣ ರಾವ್, ಡೇವಿಡ್ ಶುಲ್ಮನ್, ಸಂಜಯ್ ಸುಬ್ರಹ್ಮಣ್ಯಂ 2001ರ ‘ಟೆಕ್ಸ್ಚರ್ಸ್ ಆಫ್ ಟೈಮ್’ ಪುಸ್ತಕದಲ್ಲಿ, ದಕ್ಷಿಣ ಭಾರತದ ಕರಣಿಕರು ತಮ್ಮದೇ ಬಗೆಯ ಇತಿಹಾಸ ಬರೆದಿದ್ದರು, ಅದನ್ನು ಕಟ್ಟುಕಥೆಯೆಂದು ಓದಿದ್ದು ನಮ್ಮ ತಪ್ಪು ಎಂದರು. ಕೈಫಿಯತ್ತಿನಲ್ಲಿ ಯಾವ ವಾಕ್ಯ ಲೆಕ್ಕದ್ದು, ಯಾವ ವಾಕ್ಯ ಹೊಗಳಿಕೆಯದ್ದು ಎಂಬುದು ಆ ಕಾಲದ ಓದುಗರಿಗೆ ತಿಳಿಯುತ್ತಿತ್ತು ಎಂಬುದು ಅವರ ನಿಲುವು. ಈ ಮಾತು ಎಲ್ಲ ಬರಹಕ್ಕೂ ಹೊಂದುತ್ತದೆಯೇ ಎಂಬ ಬಗ್ಗೆ ಆಕ್ಷೇಪಗಳಿವೆ. ಮನೆತನದ ಚರಿತ್ರೆಗೆ ಮಾತ್ರ ಇದು ಉಪಯೋಗದ ಎಚ್ಚರಿಕೆ: ಪಾಳೆಯಗಾರನ ಪೂರ್ವಿಕರ ಪರಾಕ್ರಮವನ್ನು ಬಿಟ್ಟು, ಅದೇ ಕೈಫಿಯತ್ತಿನ ಕೆರೆ ಕಟ್ಟಿಸಿದ, ಪೇಟೆ ಕೂಡಿಸಿದ, ಒಕ್ಕಲು ಕರೆತಂದ ಸಾಲುಗಳನ್ನು ಗಮನವಿಟ್ಟು ಓದಬೇಕು. ನಮ್ಮ ಹಿರಿಯರು ಯಾರಾದರೂ ಅಲ್ಲಿದ್ದರೆ ಆ ‘ಒಕ್ಕಲು’ ಎಂಬ ಮಾತಿನೊಳಗೇ ಇದ್ದಾರೆ.

ರಕ್ತದ ಸಾಕ್ಷ್ಯ

ಡಿಎನ್‌ಎ ಪರೀಕ್ಷೆ ದೂರದ ಕಾಲದ ಬಗ್ಗೆ ಮಾತಾಡುತ್ತದೆ, ಹತ್ತಿರದ ಕಾಲದ ಬಗ್ಗೆ ತಡವರಿಸುತ್ತದೆ. ಪ್ರಿಯಾ ಮೂರ್ಜಾನಿ, ಕೆ. ತಂಗರಾಜ್, ಲಾಲ್‌ಜಿ ಸಿಂಗ್, ಡೇವಿಡ್ ರೈಶ್ ಮುಂತಾದವರ 2013ರ ಅಧ್ಯಯನ, ಭಾರತದ ಜನಸಮುದಾಯಗಳು ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಚೆನ್ನಾಗಿ ಬೆರೆತವು, ಆಮೇಲೆ ಒಳಮದುವೆ ಗಟ್ಟಿಯಾಯಿತು ಎಂದಿತು. ಎಲ್ಲ ಜಾತಿಗಳ ಮೂಲಪುರುಷರ ಕಥೆಗಳನ್ನೂ ಪಕ್ಕಕ್ಕಿಟ್ಟು ಯೋಚಿಸಬೇಕಾದ ಮಾತಿದು.

ಒಂದು ಮನೆತನದ ಮಟ್ಟಕ್ಕೆ ಬಂದರೆ ತೊಡಕುಗಳಿವೆ. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವುದು ನಮ್ಮಲ್ಲಿ ಹಳೆಯ ವಾಡಿಕೆ. 1980ರ ದಶಕದಲ್ಲಿ ಕರ್ನಾಟಕದಲ್ಲಿ ನಡೆದ ಅಧ್ಯಯನಗಳಲ್ಲಿ ಹತ್ತಿರದ ಸಂಬಂಧದ ಮದುವೆಗಳು ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದವು. ಹಾಗಾಗಿ ಐದು ತಲೆಮಾರು ಹಿಂದೆ ಮೂವತ್ತೆರಡು ಬೇರೆ ಬೇರೆ ಹಿರಿಯರಿರಬೇಕಾದ ಜಾಗದಲ್ಲಿ ಅದೇ ಜನ ಮತ್ತೆ ಮತ್ತೆ ಬರುತ್ತಾರೆ. ಪರೀಕ್ಷೆಯಲ್ಲಿ ದೂರದ ನೆಂಟರೂ ಹತ್ತಿರದವರಂತೆ ಕಾಣುತ್ತಾರೆ. ಇನ್ನು ಗಂಡುಮಕ್ಕಳಿಲ್ಲದ ಮನೆಗೆ ಮನೆಅಳಿಯ ಬರುತ್ತಿದ್ದ, ದತ್ತು ಬರುತ್ತಿತ್ತು. ಜಮೀನು, ಮನೆದೇವರು, ಹೆಸರು ಮುಂದುವರಿದವು. ಗಂಡುಸಂತತಿಯ ವೈ ಕ್ರೋಮೋಸೋಮ್ ಬೇರೆಯಾಯಿತು. 1998ರಲ್ಲಿ ಥಾಮಸ್ ಜೆಫರ್ಸನ್ ಮತ್ತು ಅವನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಸಂತತಿಯ ಪ್ರಶ್ನೆಯಲ್ಲೂ ಡಿಎನ್‌ಎ ಹೇಳಿದ್ದು ತಂದೆ ಜೆಫರ್ಸನ್ ಮನೆತನದ ಗಂಡಸು ಎಂದಷ್ಟೇ. ಯಾವ ಜೆಫರ್ಸನ್ ಎಂಬುದನ್ನು ಕಾಗದಪತ್ರಗಳಿಂದಲೇ ವಾದಿಸಬೇಕಾಯಿತು. ಮನೆಅಳಿಯನ ಮೊಮ್ಮಗ ಆ ಮನೆತನದವನಲ್ಲ ಎಂದು ನಮ್ಮ ಊರಲ್ಲಿ ಯಾರೂ ಹೇಳುವುದಿಲ್ಲ. ಊರಿನ ಈ ತಿಳಿವಳಿಕೆಯೇ ಸರಿಯಾದದ್ದು.

ತಾಯಿಯ ಕಡೆಯ ಬೇರು

ಎಲ್ಲ ಪಕ್ಷಗಳಿಗೂ ಸಮಾನವಾದ ಒಂದು ದೋಷವಿದೆ. ಶಾಸನದಲ್ಲಿ ಹೆಣ್ಣು ಮಾಸ್ತಿಯಾಗಿ ಬರುತ್ತಾಳೆ, ಅನೇಕ ಕಡೆ ಹೆಸರಿಲ್ಲದೆ. ದಫ್ತರದಲ್ಲಿ ಗಂಡ ಸತ್ತು ಖಾತೆ ಬಂದಾಗ ಮಾತ್ರ ‘ತಿಮ್ಮಕ್ಕ ಕೋಂ ರಂಗಪ್ಪ’ ಎಂದು ಬರುತ್ತಾಳೆ; ಅವಳ ಅಪ್ಪ ಯಾರು, ಯಾವ ಊರಿನಿಂದ ತಂದರು ಎಂಬುದಿಲ್ಲ. ಮನೆಯ ವಂಶಾವಳಿಗಳಲ್ಲಿ ಅದೂ ಇಲ್ಲ. ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಹೇಳುವ ಪದ್ಧತಿ ಶ್ರಾದ್ಧದಲ್ಲಿ ಇದೆ, ಅದೂ ಮೂರು ತಲೆಮಾರು. ಪಿತೃಪಕ್ಷದ ಎಡೆಗೆ ಹೊಸ ಸೀರೆ ಇಟ್ಟು ಪೂಜಿಸುವ ಮನೆಗಳಲ್ಲಿ ಆ ಸೀರೆ ಯಾರ ಹೆಸರಿನದು ಎಂದು ಕೇಳಿದರೆ ಅನೇಕ ವೇಳೆ ಉತ್ತರ ಬರುವುದಿಲ್ಲ.

ಕಾನೂನು ಇದನ್ನು ಬದಲಾಯಿಸುತ್ತಿದೆ. 1994ರ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ, 2020ರ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪುಗಳ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲಿದೆ. ಪೌತಿ ಖಾತೆಯ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಮಗಳ ಹೆಸರು ಬಿಟ್ಟರೆ ಈಗ ತಕರಾರು ಬರುತ್ತದೆ. ಆಸ್ತಿಯ ಜಗಳ ಎಂದು ಇದನ್ನು ಹಳಿಯುವವರಿದ್ದಾರೆ. ಈ ಸೀಮೆಯ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳು ಪೂರ್ತಿಯಾಗಿ ಬರುತ್ತಿರುವುದು ಇದೇ ಮೊದಲು ಎಂಬುದನ್ನು ಅವರು ಗಮನಿಸಬೇಕು.

ಇತ್ಯರ್ಥವಾಗದೆ ಉಳಿದದ್ದು

ಇಷ್ಟು ದಾರಿಗಳನ್ನು ನೋಡಿದ ಮೇಲೆ ನನ್ನ ಲೆಕ್ಕ ಹೀಗಿದೆ. ಭೂಮಿ ಇದ್ದ ಒಂದು ಸಾಮಾನ್ಯ ಮನೆತನ ದಾಖಲೆಗಳಿಂದ 1860ರ ದಶಕದವರೆಗೆ, ಅಂದರೆ ಸುಮಾರು ಆರು ತಲೆಮಾರು ಹಿಂದಕ್ಕೆ ಗಟ್ಟಿ ಹೆಜ್ಜೆಯಲ್ಲಿ ಹೋಗಬಹುದು. ಇನಾಂ ಇದ್ದರೆ, ಶಾನುಭೋಗಿಕೆ ಪಟೇಲಿಕೆ ಇದ್ದರೆ ಇನ್ನೊಂದೆರಡು. ಅದರಾಚೆಗೆ ಸಿಗುವುದು ಕುಲದ ಚರಿತ್ರೆ, ಊರಿನ ಚರಿತ್ರೆ, ಮನೆಯದ್ದಲ್ಲ. ಅದನ್ನು ಮನೆಯದ್ದೆಂದು ಬರೆದುಕೊಳ್ಳಬಾರದು.

ಬಗೆಹರಿಯದ ಪ್ರಶ್ನೆಗಳು ಅನೇಕ. ಹೆಳವರ ಹೇಳಿಕೆಗಳನ್ನು ಐ.ಎಲ್., ಆರ್.ಆರ್. ವಹಿಗಳ ಜೊತೆ ಊರೂರು ಹಿಡಿದು ತಾಳೆ ನೋಡುವ ಕೆಲಸ ಈ ಸೀಮೆಯಲ್ಲಿ ಆಗಬೇಕಿದೆ; ಅದಾಗುವವರೆಗೆ ಅವು ಎಷ್ಟು ತಲೆಮಾರು ನಂಬತಕ್ಕವು ಎಂದು ಯಾರೂ ಖಚಿತವಾಗಿ ಹೇಳಲಾರರು. ಬುಕಾನನ್ ಕಂಡ ತೋಟಗಳ ಒಕ್ಕಲುಗಳಲ್ಲಿ ಎಷ್ಟು ಮನೆಗಳು ಸರ್ವೆಯ ಕಾಲಕ್ಕೆ ಅಲ್ಲೇ ಉಳಿದಿದ್ದವು, ಬರದ ನಂತರ ಎಷ್ಟು ಉಳಿದವು ಎಂಬುದು ಇನ್ನೊಂದು. ವಲಸೆಯ ಕಥೆಗಳಿಗೆ ಕಾಲ ಕಟ್ಟುವುದು ಸಾಧ್ಯವೇ ಎಂಬುದು ಮತ್ತೊಂದು. ಹಳೆಯ ದಾಖಲೆಗಳಲ್ಲಿ ಜಾತಿ, ಸಾಲ, ಜೀತ, ಕೂಡಿಕೆ ಮದುವೆ ಎಲ್ಲವೂ ಇವೆ. ಅವನ್ನು ಎಲ್ಲರಿಗೂ ತೆರೆದಿಟ್ಟರೆ ಯಾರಿಗೆ ನೋವಾಗುತ್ತದೆ, ಮುಚ್ಚಿಟ್ಟರೆ ಯಾರ ಹಕ್ಕು ಹೋಗುತ್ತದೆ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿಲ್ಲ. ಭೂಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿರುವ ಈ ಹೊತ್ತಿನಲ್ಲಿ ಅದನ್ನು ಚರ್ಚಿಸಲೇಬೇಕು. ಭೂನ್ಯಾಯ ಮಂಡಳಿಯ ಕಡತಗಳನ್ನು ಉಪಯೋಗವಿಲ್ಲದವೆಂದು ವಿಲೇವಾರಿ ಮಾಡದೆ ಅವನ್ನೂ ಸೇರಿಸಿಕೊಳ್ಳಬೇಕೆಂದು ಕಂದಾಯ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.

ಓದುಗರಲ್ಲಿ ಎರಡು ಕೋರಿಕೆ. ಅಟ್ಟದ ಮೇಲೆ, ಪೆಟ್ಟಿಗೆಯಲ್ಲಿ ಕಡತ, ಪಾಲುಪಟ್ಟಿ, ಹಳೆಯ ಕಂದಾಯದ ರಶೀದಿ ಇದ್ದರೆ ಅದರ ಫೋಟೊ ತೆಗೆದು, ಯಾವ ಊರಿನದು, ಯಾರ ಮನೆಯದು ಎಂದು ಬರೆದಿಡಿ. ಮೂಲವನ್ನು ಗೆದ್ದಲಿಗೂ ಒದ್ದೆಗೂ ಸಿಗದಂತೆ ಕಾಪಾಡಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಈ ವಾರವೇ ಕೂತು ಅವರ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ಅವರ ತವರೂರುಗಳನ್ನು ಕೇಳಿ ಬರೆದುಕೊಳ್ಳಿ. ಆ ಹೆಸರುಗಳು ಯಾವ ತಾಲ್ಲೂಕು ಕಚೇರಿಯಲ್ಲೂ ಸಿಗುವುದಿಲ್ಲ.